ಅರ್ಧ ಗುಳಿಗೆ

ನವೆಂಬರ್ 17, 2024. ನಾಸಿಕ್

ಗೆದ್ದೆವು. ರಾಷ್ಟ್ರೀಯ ಜೂನಿಯರ್ ಪವರ್‌ಲಿಫ್ಟಿಂಗ್, ಐವತ್ತೇಳು ಕಿಲೋ ವಿಭಾಗ, ಚಿನ್ನ. ಕೊನೆಯ ಡೆಡ್‌ಲಿಫ್ಟ್‌ನಲ್ಲಿ ನೂರೈವತ್ತೈದು ಕಿಲೋ ಎತ್ತಿದೆವು. ನೆಲದಿಂದ ಎತ್ತಿದವಳು ತಂಗಿ ರೂಪಾ, ಆದರೆ ಬಾರ್‌ಗೆ ಅಷ್ಟು ತೂಕ ಹಾಕಿ ಎಂದವನು ನಾನು. ಅವಳು ಶಾಲೆಯ ಯೂನಿಫಾರ್ಮಿನಲ್ಲೇ ನನ್ನ ಜಿಮ್ಮಿಗೆ ಬರುತ್ತಿದ್ದ ಕಾಲದಿಂದಲೂ ಕೋಚ್ ನಾನೇ. ಈ ಚಿನ್ನದಲ್ಲಿ ಅರ್ಧ ನನ್ನದು ಎಂದು ಇಲ್ಲಿ ಬರೆದುಕೊಂಡರೆ ತಪ್ಪೇನಿಲ್ಲ.

ಎರಡನೆಯವಳು ಹರ್ಷಿಣಿ. ಇಲ್ಲೇ ಹೋಟೆಲ್ ನಡೆಸುವ ಸದಾನಂದರ ಮಗಳು, ಕುಂದಾಪುರದ ಕಡೆಯವರು. ನಾವು ಭಾಲ್ಕಿಯವರು, ಕನ್ನಡದವರು ಎಂದು ಗೊತ್ತಾದ ಮೇಲೆ ಅವರು ನಮಗೆ ಬೇರೆ ಕಡೆ ಊಟ ಮಾಡಲು ಬಿಡಲೇ ಇಲ್ಲ. ಮಗಳು ಸೋತ ಈ ಸಂಜೆಯೂ ರೂಪಾಳ ತಟ್ಟೆಗೆ ತಾವೇ ನಿಂತು ತುಪ್ಪ ಬಡಿಸಿದರು.

ಒಂದು ವಿಷಯ ಉಳಿದಿದೆ. ನಿನ್ನೆ ಸಂಜೆ ಅವಳ ತೂಕ ಮಿತಿಗಿಂತ ಒಂದು ಕಿಲೋ ಮೇಲಿತ್ತು. ನೀರು ಬಿಡಿಸಿದೆ. ಸ್ವೆಟರ್ ಹಾಕಿಸಿ ಗೋದಾವರಿ ದಂಡೆಯಲ್ಲಿ ಓಡಿಸಿದೆ. ಇಳಿಯಲಿಲ್ಲ. ಅವ್ವನ ಕಾಲು ಊತಕ್ಕೆ ಡಾಕ್ಟರು ಕೊಡುವ ನೀರಿಳಿಸುವ ಗುಳಿಗೆ ನನ್ನ ಚೀಲದಲ್ಲಿತ್ತು. ಬೇಕಾದೀತೆಂದು ಮನೆಯಿಂದಲೇ ತಂದಿದ್ದೆ. ಅರ್ಧ ಮುರಿದು, ಪುಡಿ ಮಾಡಿ, ಅವಳ ಕಪ್ಪು ಕಾಫಿಗೆ ಹಾಕಿದೆ. ಅವಳಿಗೆ ಹೇಳಲಿಲ್ಲ. ಹೇಳಿದ್ದರೆ ಕುಡಿಯುತ್ತಿರಲಿಲ್ಲ. ಇಂದು ಬೆಳಗ್ಗೆ ತೂಕ ಮಿತಿಯೊಳಗೆ ಬಂತು. ಕ್ರೀಡೆಯಲ್ಲಿ ನಿಷೇಧಿಸಿದ ಮದ್ದುಗಳ ಪಟ್ಟಿಯಲ್ಲಿ ಅದಿದೆ ಎಂಬುದು ಗೊತ್ತು. ಆದರೆ ಅದು ಬಲ ಬರಿಸುವ ಮದ್ದಲ್ಲ. ಮೈಯ ನೀರು ಹೊರಗೆ ಹಾಕುತ್ತದೆ, ಅಷ್ಟೇ. ಅವ್ವ ದಿನಾ ನುಂಗುತ್ತಾಳೆ.

ಪದಕ ಕೊಟ್ಟ ಮೇಲೆ ಡೋಪಿಂಗ್ ಪರೀಕ್ಷೆಯವರು ರೂಪಾಳನ್ನು ಕರೆದುಕೊಂಡು ಹೋಗಿ ಮೂತ್ರದ ಮಾದರಿ ತೆಗೆದುಕೊಂಡರು. ನಗುತ್ತ ಹೋದಳು, ನಗುತ್ತಲೇ ಬಂದಳು. ಅಷ್ಟು ಹೊತ್ತಿಗೆ ಅದು ಮೈಯಲ್ಲಿ ಉಳಿದಿರಲಿಕ್ಕಿಲ್ಲ.

ನವೆಂಬರ್ 24. ಸಂಭಾಜಿನಗರ

ಮನೆಗೆ ಬಂದೆವು. ಇಲ್ಲಿಯ ಕನ್ನಡಿಗರ ಸಮಾಜದ ಭವನದಲ್ಲಿ ಸನ್ಮಾನ. ರೂಪಾಳಿಗೆ ಶಾಲು, ನನಗೂ ಶಾಲು. ನನ್ನನ್ನು ಮಾತಾಡಲು ಹೇಳಿದರು. ಶಿಸ್ತಿನ ಬಗ್ಗೆ ಮಾತಾಡಿದೆ. ಅಪ್ಪ ಪೇಪರಿನಲ್ಲಿ ಬಂದ ಸುದ್ದಿಯ ತುಣುಕನ್ನು ತಮ್ಮ ಪೈಪ್ ಅಂಗಡಿಯ ಗಲ್ಲೆಯ ಮೇಲೆ ಅಂಟಿಸಿದ್ದಾರೆ. ಜಿಮ್ಮಿಗೆ ಹೊಸ ಹುಡುಗಿಯರು ಸೇರಿದ್ದಾರೆ. ಮುಂದಿನ ವರ್ಷ ನೂರ ಅರವತ್ತೈದು ಎತ್ತುತ್ತೇವೆ.

ಜನವರಿ 7, 2025

ರೂಪಾ ಸ್ಕ್ವಾಟ್ ಮುಗಿಸಿ ಬೆಂಚಿನ ಮೇಲೆ ಕೂತಿದ್ದಳು. ಫೋನಿಗೆ ಮೇಲ್ ಬಂತು. ಒಂದು ಸಲ ಓದಿದಳು. ಬೆವರು ಒರೆಸಿಕೊಂಡು ಮತ್ತೊಂದು ಸಲ ಓದಿದಳು.

“ದಾದಾ, ಫ್ಯುರೊಸೆಮೈಡ್ ಅಂದ್ರ ಕಾಯ್?” ಎಂದಳು. ಈ ಊರಲ್ಲೇ ಬೆಳೆದವಳು, ನನ್ನೊಡನೆ ಅವಳದು ಅರ್ಧ ಮರಾಠಿ, ಅರ್ಧ ಕನ್ನಡ.

“ಗೊತ್ತಿಲ್ಲ” ಎಂದೆ.

ಎಷ್ಟು ಬೇಗ ಬಂತು ಬಾಯಿಗೆ. ಯೋಚಿಸಲೂ ಇಲ್ಲ.

ಮಾದರಿಯಲ್ಲಿ ಅದು ಸಿಕ್ಕಿದೆ. ವಿಚಾರಣೆ ಮುಗಿಯುವವರೆಗೆ ತಾತ್ಕಾಲಿಕ ಅಮಾನತು. ಹೇಗೆ ಮೈಗೆ ಹೋಯಿತೆಂದು ತೋರಿಸದಿದ್ದರೆ ಎರಡು ವರ್ಷ ನಿಷೇಧ. ರೂಪಾ ಬಾರಿನಿಂದ ಒಂದೊಂದೇ ಪ್ಲೇಟ್ ಕಳಚಿ ಜಾಗಕ್ಕೆ ಇಟ್ಟಳು. “ಮಿ ಕಾಹಿ ಘೇತ್ಲಂ ನಾಹಿ, ದಾದಾ. ನಾ ಏನೂ ತಗೊಂಡಿಲ್ಲ” ಎಂದು ಎರಡು ಭಾಷೆಯಲ್ಲೂ ಹೇಳಿದಳು, ಒಂದರಲ್ಲಿ ಹೇಳಿದರೆ ನಾನು ನಂಬಲಿಕ್ಕಿಲ್ಲ ಎನ್ನುವ ಹಾಗೆ.

“ನನಗ ಗೊತ್ತದ” ಎಂದೆ. ಅದು ಮಾತ್ರ ನಿಜ.

ಜನವರಿ 10

ಊಟದ ಹೊತ್ತಿಗೆ ಅಪ್ಪ ಹೇಳಿದರು: “ಇದು ಆ ಹೋಟೆಲ್‌ದವರದೇ ಕೆಲಸ. ಅವರ ಮಗಳು ಎರಡ್ನೇದಾಕಿ ಅಲ್ಲೇನು? ಹುಡುಗಿಗಿ ಕರದು ಕರದು ಊಟಕ್ಕ ಯಾಕ ಹಾಕಿದ್ರು?”

ನಾನು ರೊಟ್ಟಿ ಮುರಿಯುತ್ತ ಕೂತಿದ್ದೆ. ಹೌದೆನ್ನಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ. ಅಪ್ಪ ಈಗಾಗಲೇ ನಾಲ್ಕು ಜನರ ಮುಂದೆ ಅದನ್ನು ಆಡಿದ್ದಾರೆ.

ರೂಪಾ ಮದ್ದಿನ ಹೆಸರನ್ನು ಕಾಗದದ ಮೇಲೆ ದೊಡ್ಡದಾಗಿ ಬರೆದು ಅಡುಗೆಮನೆಯ ಡಬ್ಬಿಗಳ ಮೇಲೆಲ್ಲ ಹುಡುಕುತ್ತಿದ್ದಳು. ಪ್ರೋಟೀನ್ ಪುಡಿ, ಕ್ಯಾಲ್ಸಿಯಂ ಮಾತ್ರೆ, ಚ್ಯವನಪ್ರಾಶ ಕೂಡ. ಅವ್ವ ನೋಡುತ್ತ ನೋಡುತ್ತ ಎದ್ದುಹೋಗಿ ತನ್ನ ಗುಳಿಗೆಯ ಸ್ಟ್ರಿಪ್ ತಂದಳು. ಅವ್ವನ ಕಣ್ಣಿಗೆ ಪೊರೆ ಬಂದಿದೆ, ಇಂಗ್ಲಿಷ್ ಓದಲೂ ಬಾರದು. ಕಾಗದದ ಪಕ್ಕ ಅದನ್ನು ಇಟ್ಟು, ಅಕ್ಷರಕ್ಕೆ ಅಕ್ಷರ ಬೆರಳಿಟ್ಟು ಹೋಲಿಸಿದಳು.

“ಇದೇ ಅದ” ಎಂದಳು.

ಆಮೇಲೆ ರೂಪಾಳ ಕಡೆ ತಿರುಗಿದಳು.

“ನಾಸಿಕಕ್ಕ ಹೋಗಾಗ ನಿನ್ನ ಗುಳಿಗಿ ಡಬ್ಬ್ಯಾಗ ಹಾಕಿ ಕೊಟ್ಟಾಕಿ ನಾನೇ ಅಲ್ಲೇನವ್ವ? ನನ್ನ ಗುಳಿಗಿನೂ ಬೆಳ್ಳಗದ, ನಿಂದೂ ಬೆಳ್ಳಗದ. ಬೆರಸಿಟ್ಟೀನಿ. ಕಣ್ಣ್ ಕಾಣಂಗಿಲ್ಲ ನನಗ. ನಂದೇ ತಪ್ಪ ಆಗ್ಯಾದ.”

ರೂಪಾ ಅವ್ವನನ್ನು ತಬ್ಬಿಕೊಂಡಳು. ಆಗ ಬಾಯಿ ತೆರೆಯಬೇಕಿತ್ತು. ಗಂಟಲವರೆಗೆ ಬಂದದ್ದು ನಿಜ. ಬಂದದ್ದನ್ನು ರೊಟ್ಟಿಯ ಜೊತೆ ನುಂಗಿದೆ.

ಜನವರಿ 15

ವಕೀಲ ಗುರುಪ್ರಸಾದರ ಕಚೇರಿಗೆ ಎಲ್ಲರೂ ಹೋಗಿದ್ದೆವು. ಮೂಲತಃ ಕಲಬುರಗಿಯವರು, ಕ್ರೀಡೆಯ ಪ್ರಕರಣ ಇದೇ ಮೊದಲು, ಆದರೆ ನಿಯಮಗಳನ್ನು ಚೆನ್ನಾಗಿ ಓದಿಕೊಂಡಿದ್ದರು. ಕ್ರೀಡಾಪಟುವಿನ ಮೈಯಲ್ಲಿ ಏನು ಸಿಕ್ಕರೂ ಅದಕ್ಕೆ ಅವಳೇ ಹೊಣೆ. ಎಲ್ಲಿಂದ ಬಂತೆಂದು ನಂಬುವಂತೆ ತೋರಿಸಿದರೆ ಮಾತ್ರ ಶಿಕ್ಷೆ ಕಡಿಮೆಯಾಗುತ್ತದೆ ಎಂದರು.

ಅವ್ವನ ಮಾತು ಕೇಳಿ, ಪೆನ್ನು ಕೆಳಗಿಟ್ಟು ಕೇಳಿದರು: “ಸುಶೀಲಾಬಾಯಿಯವರೇ, ಇದು ಖರೇ ಅದ ಏನ್ರೀ? ಮಗಳ ಸಲುವಾಗಿ ಹೇಳ್ಲಕತ್ತೀರೋ?”

“ಖರೇ ಅದರಿ. ನಾ ಸುಳ್ಳ್ ಯಾಕ ಹೇಳ್ಲಿ?”

ಅವ್ವ ಸುಳ್ಳು ಹೇಳಲಿಲ್ಲ. ಅವಳು ಅದನ್ನು ಪೂರ್ತಿ ನಂಬಿದ್ದಾಳೆ. ವಕೀಲರು ಹೇಳಿಕೆಯ ಕರಡನ್ನು ನನಗೆ ಕೊಟ್ಟು ಮರಾಠಿಯಿಂದ ಕನ್ನಡಕ್ಕೆ ಮಾಡಿ ಅವ್ವನಿಗೆ ಓದಿ ಹೇಳಲು ಹೇಳಿದರು. ‘ನನ್ನ ಅಜಾಗರೂಕತೆಯಿಂದ’ ಎಂಬ ಮಾತು ಬಂದಾಗ ಅವ್ವ ತಲೆಯಾಡಿಸಿದಳು. ಹೆಬ್ಬೆಟ್ಟು ಒತ್ತಲು ನಾನೇ ಅವಳ ಕೈ ಹಿಡಿದುಕೊಂಡೆ.

ಇದರಿಂದ ರೂಪಾಳಿಗೆ ಒಳ್ಳೆಯದೇ ಆಗುತ್ತದೆ. ನಾನು ಹೇಳಿದರೂ ಅವಳ ಶಿಕ್ಷೆ ಅಷ್ಟೇ ಕಡಿಮೆಯಾಗುತ್ತದೆ, ಆದರೆ ನನಗೆ ನಾಲ್ಕು ವರ್ಷವೋ ಜೀವನಪೂರ್ತಿಯೋ ನಿಷೇಧ ಬೀಳುತ್ತದೆ. ಜಿಮ್ ಹೋಗುತ್ತದೆ. ಅವ್ವನಿಗೆ ಯಾವ ಶಿಕ್ಷೆಯೂ ಇಲ್ಲ. ಯಾರಿಗೂ ನಷ್ಟವಿಲ್ಲದ ದಾರಿ ಇದು. ಮೂರು ಸಲ ಬರೆದು ನೋಡಿದೆ, ಮೂರು ಸಲವೂ ಲೆಕ್ಕ ಸರಿಯಾಗಿಯೇ ಬರುತ್ತದೆ.

ಜನವರಿ 23

ಹೊಸದಾಗಿ ಸೇರಿದ ಹುಡುಗಿಯರು ಜಿಮ್ ಬಿಟ್ಟರು. ಒಬ್ಬಳ ತಂದೆ ಫೋನಿನಲ್ಲಿ, ನಿಮ್ಮ ಮೇಲೆ ಸಂಶಯ ಇಲ್ಲ ಸರ್, ನಿಮ್ಮ ತಂಗಿ ಹೀಗೆ ಮಾಡಬಾರದಿತ್ತು ಎಂದರು. ನಾನು ‘ಹೌದು’ ಎಂದೆನೋ ‘ಹೂಂ’ ಎಂದೆನೋ ನೆನಪಿಲ್ಲ.

ಫೆಬ್ರವರಿ 3. ನಾಸಿಕ್‌ನಿಂದ ಬಂದ ಮೇಲೆ

ರೂಪಾ ಪದಕವನ್ನು ಟವೆಲಿನಲ್ಲಿ ಸುತ್ತಿ ಕೊಟ್ಟಳು. “ಹರ್ಷಿಣಿಗಿ ಕೊಟ್ಟು ಬಾ. ನನ್ನ ಮೈಯಾಗ ಔಷಧ ಇತ್ತು ಅಂದ ಮ್ಯಾಲ ಇದು ನಂದು ಅಲ್ಲ.” ತೀರ್ಪು ಬರಲಿ ಎಂದೆ. ಕೇಳಲಿಲ್ಲ.

ಬೆಳಗಿನ ಬಸ್ಸು ವೈಜಾಪುರದಲ್ಲಿ ಕೆಟ್ಟು ನಿಂತು, ನಾಸಿಕ್ ತಲುಪಿದಾಗ ಮಧ್ಯಾಹ್ನದ ಊಟದ ಗದ್ದಲ ಮುಗಿದಿತ್ತು. ಸದಾನಂದರು ಗಲ್ಲೆಯಿಂದ ಎದ್ದು ಬಂದು ಕೂರಿಸಿದರು. ಪದಕವನ್ನು ಮುಟ್ಟಲಿಲ್ಲ.

“ಇದನ್ನು ನಾವು ತೆಗೊಳ್ಳುವ ಹಾಗಿಲ್ಲ ಮಾರಾಯ್ರೆ. ಕೊಡುವವರು ಕೊಡಲಿ, ಆಮೇಲೆ ನೋಡುವ.” ಮೇಜಿನ ಅಂಚು ಉಜ್ಜಿದರು. “ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ. ನಮ್ಮಲ್ಲಿ ಉಂಡದ್ದರಿಂದ ಹೀಗಾಯ್ತು ಅಂತ ನಿಮ್ಮ ತಂದೆಯವರು ಹೇಳ್ತಿದ್ದಾರಂತೆ. ಹೌದಾ?”

ನಾನು ಟವೆಲನ್ನು ಮತ್ತೆ ಪದಕಕ್ಕೆ ಸುತ್ತತೊಡಗಿದೆ.

“ಸಂಶಯ ಉಂಟಾದ್ರೆ ಬನ್ನಿ, ಅಡುಗೆ ಕೋಣೆ ನೋಡಿ. ನೀವೇ ನಿಮ್ಮ ಕಣ್ಣಾರೆ ನೋಡಿ ಹೋಗಿ ಹೇಳಿ.”

ಕರೆದುಕೊಂಡು ಹೋದರು. ಬೇಳೆಯ ಡಬ್ಬಿ, ಹಾಲಿನ ಪಾತ್ರೆ, ಮಸಾಲೆಯ ಡಬ್ಬಿಗಳ ಮುಚ್ಚಳ ಒಂದೊಂದಾಗಿ ತೆಗೆದು ತೋರಿಸಿದರು. ನಾನು ಒಂದೊಂದಕ್ಕೂ ಬಗ್ಗಿ ನೋಡಿದೆ. ನೋಡಿದೆ. ಬೇಡ ಎಂದು ಹೇಳುವ ಬದಲು ನೋಡಿದೆ. ಅಡುಗೆಯವರು ಸೌಟು ಹಿಡಿದು ಗೋಡೆಗೆ ಒತ್ತಿ ನಿಂತಿದ್ದರು.

ಹೊರಡುವಾಗ ಹರ್ಷಿಣಿ ಬಸ್ ಸ್ಟ್ಯಾಂಡಿನವರೆಗೆ ಸ್ಕೂಟರಿನಲ್ಲಿ ಬಿಟ್ಟಳು. “ರೂಪಾ ಅಕ್ಕ ಫೋನ್ ಮಾಡಿ ಸಾರಿ ಅಂದ್ರು. ಅಳ್ತಾ ಇದ್ರು. ಅವರು ಬೇಕಂತ ಮಾಡಿಲ್ಲ ಅಂದ್ರೆ ಸಾರಿ ಯಾಕೆ ಹೇಳ್ಬೇಕು ಅಣ್ಣ?”

ಬಸ್ಸು ಬಂತೆಂದು ಹೇಳಿ ಹತ್ತಿದೆ. ಅದು ನಮ್ಮೂರಿಗಲ್ಲ, ಮನ್ಮಾಡಿಗೆ ಹೋಗುವ ಬಸ್ಸಾಗಿತ್ತು.

ಫೆಬ್ರವರಿ 6

ಬೆಳಗ್ಗೆ ಅವ್ವನಿಗೆ ಚಪ್ಪಲಿ ಹಿಡಿಸಲಿಲ್ಲ. ಪಾದಗಳು ಉಬ್ಬಿ ಹೊಳೆಯುತ್ತಿದ್ದವು. ಮೆಟ್ಟಿಲು ಹತ್ತುವಾಗ ಉಸಿರು ಸಿಗದೆ ನಡುವೆ ಕೂತುಬಿಟ್ಟಳು. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದೆವು. ಡಾಕ್ಟರು, ಗುಳಿಗೆ ಬಿಟ್ಟು ಎಷ್ಟು ದಿನವಾಯಿತು ಎಂದು ಕೇಳಿದರು. ಬಿಟ್ಟಿಲ್ಲ ಎಂದು ಅಪ್ಪ ರೇಗಿದರು.

ಅವ್ವ ಆಕ್ಸಿಜನ್ ಮಾಸ್ಕ್ ಸರಿಸಿ ಹೇಳಿದಳು: “ಬಿಟ್ಟೀನ್ರಿ. ಅದನ್ನ ಕೈಯಾಗ ಹಿಡಿದ್ರ ಪೋರಿ ಮಾರಿ ಕಣ್ಣಮುಂದ ಬರ್ತದ. ಅಂಥದ್ದು ಮನ್ಯಾಗೇ ಬ್ಯಾಡ ಅಂತ ಚೆಲ್ಲೀನಿ.”

ಅಪ್ಪ ಹೊರಗೆ ಹೋಗಿ ನಿಂತರು. ರೂಪಾ ಅವ್ವನ ಊದಿದ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

ಅವ್ವನಿಗೆ ಯಾವ ಶಿಕ್ಷೆಯೂ ಇಲ್ಲ ಎಂದು ಬರೆದಿದ್ದೆ.

ಫೆಬ್ರವರಿ 7

ಹೇಳಿದೆ.

ಆಸ್ಪತ್ರೆಯ ಕ್ಯಾಂಟೀನಿನಲ್ಲಿ, ಬೆಳಗ್ಗೆ, ಇಬ್ಬರೂ ಚಹಾ ಇಟ್ಟುಕೊಂಡಿದ್ದಾಗ. ಸುತ್ತು ಬಳಸದೆ ಹೇಳಬೇಕೆಂದುಕೊಂಡಿದ್ದೆ, ಆಗಲಿಲ್ಲ. ತೂಕದಿಂದ ಶುರು ಮಾಡಿದೆ, ಮಿತಿಗಿಂತ ಒಂದು ಕಿಲೋ ಮೇಲಿತ್ತಲ್ಲ, ನೆನಪಿದೆಯಾ ಎಂದೆ. ಅವಳು ನನ್ನ ಮುಖ ನೋಡಿದಳು. ನಾನು ಇನ್ನೂ ಗುಳಿಗೆಯ ಮಾತಿಗೆ ಬಂದಿರಲಿಲ್ಲ, ಅವಳಿಗೆ ಆಗಲೇ ತಿಳಿದುಹೋಯಿತು.

“ಕಾಫಿ” ಎಂದಳು.

ಹೌದೆಂದೆ.

“ಕಹಿ ಇತ್ತು. ನೀ ಸಕ್ಕರಿ ಬ್ಯಾಡ ಅಂದಿದ್ದಿ. ಅದಕ್ಕೇ ಅಂತ ತಿಳ್ಕೊಂಡೆ.”

ಬೈಯುತ್ತಾಳೆಂದು ಕಾದೆ. ಅವಳು ಬೇರೆಯದನ್ನೇ ಕೇಳಿದಳು. “ಆಯಿ ಹೆಬ್ಬೆಟ್ಟು ಒತ್ತಿದಳಲ್ಲ, ಅವತ್ತು ಆಕಿ ಕೈ ಯಾರು ಹಿಡ್ಕೊಂಡಿದ್ರು?”

“ನಾನು.”

“ಗುಳಿಗಿ ಹಾಕಿದ್ದು ಮೂರ್ಖತನ, ದಾದಾ. ತೇ ಮಿ ಸಮಜೂನ್ ಘೇಯೀನ್. ಅದನ್ನ ನಾ ತಿಳ್ಕೊಳ್ತೀನಿ. ಆದ್ರ ಒಂದು ತಿಂಗಳ ಆಕಿಗಿ ನೋಡ್ಕೋತ ಕೂತಿದ್ದಿ.” ಅವಳ ಕನ್ನಡ ಅಲ್ಲಿಗೆ ಮುಗಿಯಿತು. ಉಳಿದದ್ದನ್ನು ಮರಾಠಿಯಲ್ಲಿ ಹೇಳಿದಳು. ಇಲ್ಲಿ ಬರೆಯಲಾರೆ.

ಅವ್ವನಿಗೆ ನೀನೇ ಹೇಳಬೇಕು, ಈಗಲೇ, ಎಂದಳು. ಹೋದೆವು. ಅವ್ವ ಕೇಳಿಸಿಕೊಂಡು, “ಅಂದ್ರ ನಾ ಬೆರಸಿಲ್ಲ” ಎಂದಳು. ಮತ್ತೆ ಹೇಳಿದಳು: “ನಾ ಬೆರಸಿಲ್ಲ.” ಅವಳ ಕಣ್ಣಲ್ಲಿ ನೀರು ಬಂತು. ಸಿಟ್ಟಿನದಲ್ಲ. ಭಾರ ಇಳಿದದ್ದರಿಂದ. ಅದನ್ನು ನೋಡುವುದಕ್ಕಿಂತ ಅವಳು ಹೊಡೆದಿದ್ದರೆ ಚೆನ್ನಿತ್ತು.

ಫೆಬ್ರವರಿ 8

ಎಲ್ಲ ಕೇಳಿದ ಅಪ್ಪ ಸದಾನಂದರಿಗೆ ಫೋನ್ ಮಾಡಿದರು. ನಾನು ಪಕ್ಕದಲ್ಲಿ ನಿಂತು ಕೇಳಬೇಕೆಂದು ಹೇಳಿದರು. ಅರವತ್ತೆಂಟರ ಮನುಷ್ಯ, ಯಾರ ಮುಂದೂ ತಗ್ಗಿ ಮಾತಾಡಿದವರಲ್ಲ. “ತಪ್ಪಾಯ್ತ್ರಿ. ನಿಮ್ಮ ಅನ್ನಕ್ಕ ಕೆಟ್ಟ ಮಾತಾಡೀನಿ” ಎಂದರು. ಆಮೇಲೆ ನನ್ನ ಕೈಗೆ ಫೋನ್ ಕೊಟ್ಟರು.

ಮಾರ್ಚ್ 19

ವಿಚಾರಣೆ ಲ್ಯಾಪ್‌ಟಾಪಿನಲ್ಲಿ, ವಕೀಲರ ಕಚೇರಿಯಲ್ಲಿ. ಅವ್ವನ ಹೇಳಿಕೆಯನ್ನು ಗುರುಪ್ರಸಾದರು ಕಳಿಸಿಯೇ ಇರಲಿಲ್ಲ, ಫೆಬ್ರವರಿಯಲ್ಲಿ ನಾನು ಬರೆದುಕೊಟ್ಟದ್ದನ್ನೇ ಕಳಿಸಿದ್ದರು. ಆ ಹೆಬ್ಬೆಟ್ಟನ್ನು ನಂಬಲು ಮನಸ್ಸಾಗಲಿಲ್ಲ ಎಂದರು. ನೀವು ಓದಿದ್ದಕ್ಕೆಲ್ಲ ತಲೆಯಾಡಿಸಿ, ನೀವು ಹಿಡಿದ ಕೈಯಿಂದ ಒತ್ತಿದರು ನಿಮ್ಮ ಅವ್ವ, ಅದು ಪೂರ್ತಿ ಸತ್ಯ ಅನಿಸಲಿಲ್ಲ ಎಂದರು. ಆಗಲೇ ನನ್ನ ಮೇಲೆ ಸಂಶಯವಿತ್ತೇ ಎಂದು ಕೇಳುವ ಧೈರ್ಯ ಬರಲಿಲ್ಲ.

ಸಮಿತಿಯಲ್ಲಿ ಮೂವರು. ಒಬ್ಬ ಮಹಿಳಾ ಡಾಕ್ಟರು ಕೇಳಿದರು: ಅದು ನಿಷೇಧಿತ ಎಂದು ನಿಮಗೆ ಗೊತ್ತಿತ್ತೇ? ಗೊತ್ತಿತ್ತು. ಆಕೆಗೆ ತಿಳಿಸಿದಿರಾ? ಇಲ್ಲ. ನೀರು ಕಡಿಮೆ ಕುಡಿದ ಮೈಗೆ ಅದನ್ನು ಕೊಟ್ಟರೆ ಎದೆಬಡಿತ ತಪ್ಪಬಹುದು, ಪ್ರಾಣ ಹೋಗಬಹುದು ಎಂದು ಗೊತ್ತಿತ್ತೇ?

ಆ ದಿನ ಮೂರನೇ ಎತ್ತುವಿಕೆಗೆ ಮುಂಚೆ ಅವಳ ಕಾಲು ಸೆಟೆದುಕೊಂಡಿತ್ತು. ಎದೆ ಡವಡವ ಅನ್ನುತ್ತದೆ ಎಂದೂ ಹೇಳಿದ್ದಳು. ಹೆದರಿಕೆ ಅದು ಎಂದು ಬೆನ್ನು ತಟ್ಟಿ ಕಳಿಸಿದ್ದೆ. ನವೆಂಬರಿನಲ್ಲಿ ಗೆದ್ದ ದಿನ ಇದನ್ನು ಇಲ್ಲಿ ಬರೆದೇ ಇಲ್ಲ. ಬರೆಯಬೇಕಾದದ್ದು ಎಂದು ಅನಿಸಿರಲೇ ಇಲ್ಲ.

ಗೊತ್ತಿರಲಿಲ್ಲ ಎಂದೆ. ರೂಪಾ ಪರದೆಯನ್ನೇ ನೋಡುತ್ತಿದ್ದಳು.

ಏಪ್ರಿಲ್ 22

ಆದೇಶ ಬಂತು. ರೂಪಾಳಿಗೆ ಒಂಬತ್ತು ತಿಂಗಳು, ಜನವರಿಯಿಂದ ಲೆಕ್ಕ. ಪದಕ ಹೋಯಿತು. ನನಗೆ ನಾಲ್ಕು ವರ್ಷ. ಅಷ್ಟು ದಿನ ನಾನು ಯಾವ ಕ್ರೀಡಾಪಟುವಿಗೂ ತರಬೇತಿ ಕೊಡುವಂತಿಲ್ಲ, ತಂಗಿಗೂ.

ಅವಳನ್ನು ಪೂರ್ತಿ ಏಕೆ ಬಿಡಲಿಲ್ಲ ಎಂಬುದಕ್ಕೆ ಒಂದು ಸಾಲು ಬರೆದಿದ್ದಾರೆ: ತನ್ನ ಸುತ್ತ ಯಾರನ್ನು ಇಟ್ಟುಕೊಳ್ಳಬೇಕು ಎಂಬುದೂ ಕ್ರೀಡಾಪಟುವಿನ ಹೊಣೆಯೇ. ರೂಪಾ ಅದನ್ನು ಗಟ್ಟಿಯಾಗಿ ಓದಿದಳು.

“ನನ್ನ ಗುನ್ಹಾ, ನನ್ನ ತಪ್ಪ ನೀನು” ಎಂದಳು. ನಕ್ಕಳು ಕೂಡ. ಆ ನಗು ನೋಡಿ ಅವ್ವ ಎದ್ದು ಒಳಗೆ ಹೋದಳು.

ಜೂನ್ 11

ಜಿಮ್ಮನ್ನು ಮೋಹನದಾಸ ಎಂಬವರಿಗೆ ವಹಿಸಿದೆ. ಅವರದೇ ಬೋರ್ಡು ಹಾಕುತ್ತಾರೆ. ನಾನು ಅಪ್ಪನ ಅಂಗಡಿಯಲ್ಲಿ ಪೈಪು ಅಳೆಯುತ್ತೇನೆ.

ರೂಪಾ ನಾಸಿಕ್‌ಗೆ ಹೋದಳು. ಹರ್ಷಿಣಿಯೇ ಕರೆದಳಂತೆ. ಕಾಲೇಜಿನ ಓದು ಮುಂದುವರಿಸುತ್ತಾಳೆ, ನಿಷೇಧ ಮುಗಿದ ಮೇಲೆ ಅಲ್ಲಿಯ ಕೋಚ್ ಹತ್ತಿರ ಶುರು ಮಾಡುತ್ತಾಳೆ. ಸದಾನಂದರು ಇದಕ್ಕೆ ಒಪ್ಪಿದ್ದು ಹೇಗೋ. ನಾನಾಗಿದ್ದರೆ ಒಪ್ಪುತ್ತಿರಲಿಲ್ಲ.

ಅವಳು ಚೀಲ ಕಟ್ಟುವಾಗ ಬಾಗಿಲಲ್ಲಿ ನಿಂತು ನೋಡಿದೆ. ಚಿತ್ರ ಬಿಡಿಸುವ ಪುಸ್ತಕವೊಂದನ್ನು ಒಳಗೆ ಇಟ್ಟಳು. ಅವಳು ಚಿತ್ರ ಬಿಡಿಸುತ್ತಾಳೆಂದು ನನಗೆ ಗೊತ್ತಿರಲಿಲ್ಲ. ಅವ್ವನನ್ನು ಕೇಳಿದೆ. ಸಣ್ಣಾಕಿ ಇದ್ದಾಗಿಂದ, ಎಂದಳು ಅವ್ವ. ಹಕ್ಕಿಗಳ ಚಿತ್ರವಂತೆ, ಬರೀ ಹಕ್ಕಿಗಳದು.

ಆಗಸ್ಟ್ 30

ಅವ್ವನಿಗೆ ಎಡಗಣ್ಣಿನ ಆಪರೇಷನ್ ಆಯಿತು. ಆಸ್ಪತ್ರೆಯಿಂದ ಬಂದಾಗಿನಿಂದ ನಾನು ಕೊಡುತ್ತಿದ್ದ ಬೆಳಗಿನ ಗುಳಿಗೆಯನ್ನು ಈಗ ಕೊಡುವುದಿಲ್ಲ. ಅವಳೇ ಸ್ಟ್ರಿಪ್ಪಿನಿಂದ ತೆಗೆದು, ಬೆಳಕಿಗೆ ಹಿಡಿದು ನೋಡಿ ನುಂಗುತ್ತಾಳೆ. ಅದೇ ಸರಿ.

ಅಂಗಡಿಗೆ ಜಿಮ್ಮಿನ ಹಳೆಯ ಹುಡುಗನೊಬ್ಬನ ತಂದೆ ಬಂದಿದ್ದರು. ಮಗನ ತೂಕ ಇಳಿಯುತ್ತಿಲ್ಲ, ಸ್ಪರ್ಧೆ ಹತ್ತಿರ ಬಂತು, ಏನಾದರೂ ಉಪಾಯ ಹೇಳಿ ಎಂದರು. ನನಗೆ ಕೋಚಿಂಗ್ ಮಾಡುವಂತಿಲ್ಲ ಎಂದೆ. ಸುಮ್ಮನೆ ಹೇಳಿ, ಯಾರಿಗೆ ಗೊತ್ತಾಗುತ್ತದೆ ಎಂದರು. ಮೇಲಿನ ವಿಭಾಗದಲ್ಲಿ ಆಡಲಿ, ಹೊಟ್ಟೆ ತುಂಬ ಉಣ್ಣಲಿ ಎಂದೆ. ಸೋಲುತ್ತಾನಲ್ಲ ಎಂದರು. ಸೋಲಲಿ ಎಂದೆ. ಅವರು ಪೈಪನ್ನೂ ಕೊಳ್ಳದೆ ಹೋದರು.

ಡಿಸೆಂಬರ್ 14

ನಾಸಿಕ್‌ನಲ್ಲಿ ರಾಜ್ಯ ಸ್ಪರ್ಧೆ ಇತ್ತು. ನಾನು ಹೋಗಲಿಲ್ಲ, ಹೋಗಲೇ ಎಂದು ಕೇಳಲೂ ಇಲ್ಲ. ಹರ್ಷಿಣಿ ಐವತ್ತೇಳರಲ್ಲಿ ಗೆದ್ದಳು. ರೂಪಾ ಅರವತ್ತಮೂರು ಕಿಲೋ ವಿಭಾಗಕ್ಕೆ ಹೋಗಿ ಐದನೆಯವಳಾದಳು. ಅವಳು ಎಷ್ಟು ಎತ್ತಿದಳೆಂದು ಅಪ್ಪ ಫೋನಿನಲ್ಲಿ ಕೇಳುತ್ತಿದ್ದರು. ಅವಳಿಗೆ ನಿದ್ದೆ ಬಂತೇ, ಕಾಲು ಸೆಟೆಯಲಿಲ್ಲವೇ ಎಂದು ಕೇಳಿ ಎಂದು ನಾನು ಪಕ್ಕದಿಂದ ಹೇಳಿದೆ.

ಡಿಸೆಂಬರ್ 21

ರೂಪಾ ಎರಡು ದಿನಕ್ಕೆಂದು ಬಂದಿದ್ದಳು. ಕೆನ್ನೆ ತುಂಬಿಕೊಂಡಿದೆ. ಅವ್ವ ಮಾಡಿದ ಹೋಳಿಗೆ ಉಂಡಳು, ಇನ್ನೊಂದು ಹಾಕಿಸಿಕೊಂಡಳು. ಅವಳು ಉಣ್ಣುವಾಗ ನಾನು ತಟ್ಟೆ ನೋಡದೆ ಇದ್ದದ್ದು ಇದೇ ಮೊದಲೇನೋ.

ಬಸ್ಸಿಗೆ ಬಿಡಲು ನನ್ನನ್ನೇ ಕರೆದಳು. ಅಪ್ಪನಿಗೆ ಮೊಣಕಾಲು ನೋವು, ಬೇರೆ ಕಾರಣವೇನಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ನಾಸಿಕ್ ಗಾಡಿಗೆ ಕಾಯುತ್ತ ನಿಂತಿದ್ದಾಗ, ನನ್ನ ಕಡೆ ತಿರುಗದೆ ಹೇಳಿದಳು:

“ನಿನ್ನ ನಾಕು ವರ್ಷ ಮುಗಿಯೋದ್ರಾಗ ನನಗ ಇಪ್ಪತ್ತನಾಕು ಆಗಿರ್ತದ. ಆಗನೂ ನೀ ನನಗ ಕೋಚಿಂಗ್ ಮಾಡ್ಬ್ಯಾಡ.”

“ಮಾಡಂಗಿಲ್ಲ.”

“ಮಾಫ್ ಮಾಡೀನಿ ಅಂತನೂ ತಿಳ್ಕೋಬ್ಯಾಡ. ಇಲ್ಲ.”

“ಹೂಂ.”

ಬಸ್ಸು ಬಂತು. ಜನ ನುಗ್ಗಿದರು. ಅವಳು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಕನ್ನಡದ ಮಾತು ಹುಡುಕುತ್ತ ನಿಂತಳು. ಹಿಂದಿನವರು ‘ಚಲಾ ತಾಈ’, ನಡಿ ಅಕ್ಕ, ಎಂದು ಅವಸರ ಮಾಡಿದರು.

“ಮಾರ್ಚಿನ್ಯಾಗ ಪುಣೆದಾಗ ಸ್ಪರ್ಧಾ ಅದ. ಮ್ಯಾಲ ಕುರ್ಚಿ ಇರ್ತಾವಲ್ಲ, ಅಲ್ಲಿ ಕೂಡು. ನೋಡ್ಲಾಕ ಬಾ.”

ಅಂಗಡಿಗೆ ಬಂದು ಅಪ್ಪನಿಗೆ, ಮಾರ್ಚಿನಲ್ಲಿ ಒಂದು ದಿನ ಪುಣೆಗೆ ಹೋಗಬೇಕು ಎಂದೆ.

“ಯಾಕ? ನಿನಗ ಅಲ್ಲಿ ಏನ್ ಕೆಲಸ?”

“ಕೆಲಸ ಏನಿಲ್ಲ ಅಪ್ಪ” ಎಂದೆ. “ನೋಡ್ಲಾಕ.”